ಅಂತರ್ಜಲದ ಪಾಠಕ್ಕೆ ಬಂಡೆಯ ಬಿರುಕೂ ಬೇಕು

ಅಂತರ್ಜಲದ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಚಾರ್ಟುಗಳೆಲ್ಲ ಹೆಚ್ಚುಕಡಿಮೆ ಒಂದೇ. ಮೇಲೆ ಮಣ್ಣು, ಕೆಳಗೆ ನೀಲಿ ಪಟ್ಟಿ, ಅದರೊಳಕ್ಕೆ ಇಳಿದ ಕೊಳವೆ. ಗಂಗಾ ಬಯಲಿನ ಮೆಕ್ಕಲು ಮಣ್ಣಿಗೆ ಈ ಚಿತ್ರ ಒಪ್ಪುತ್ತದೆ. ಕೋಲಾರ, ತುಮಕೂರಿನ ಮಕ್ಕಳಿಗೂ ಇದನ್ನೇ ತೋರಿಸಿ ಪಾಠ ಮುಗಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಜಿಲ್ಲೆಗಳ ಬಹುಭಾಗದಲ್ಲಿ ಮಣ್ಣು ಮತ್ತು ಶಿಥಿಲ ಶಿಲೆಯ ಕೆಳಗಿರುವುದು ಗ್ರಾನೈಟ್, ನೈಸ್‌ಗಳ ಗಟ್ಟಿ ಬಂಡೆ. ಆ ಕಲ್ಲಿನೊಳಗೆ ನೀರಿಗೆ ಜಾಗವೇ ಇಲ್ಲವೆನ್ನಬಹುದು. ನೀರು ಇರುವುದೂ ಹರಿಯುವುದೂ ಬಿರುಕುಗಳಲ್ಲಿ. ಭೂಮಿಯೊಳಗಿನ ಒತ್ತಡಕ್ಕೆ ತಕ್ಕಂತೆ ಬಿರುಕುಗಳು ಸಾಮಾನ್ಯವಾಗಿ ಕೆಲವೇ ದಿಕ್ಕುಗಳಲ್ಲಿ ಸಾಲುಗಟ್ಟಿರುತ್ತವೆ. ಹಾಗಾಗಿ ಒಂದು ದಿಕ್ಕಿಗೆ ಸಲೀಸಾಗಿ ಸಾಗುವ ನೀರು ಅದಕ್ಕೆ ಅಡ್ಡಲಾಗಿ ಸಾಗಲು ತಿಣುಕುತ್ತದೆ. ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮ ಮರಳು ತುಂಬಿದ ಕೊಳವೆಯ ಪ್ರಯೋಗದಿಂದ ಬಂದದ್ದು. ಅಲ್ಲಿ ವಾಹಕತೆಗೆ ಒಂದೇ ಸಂಖ್ಯೆ ಸಾಕು. ಬಿರುಕುಬಂಡೆಯ ಮಾದರಿ ಕಟ್ಟುವವರು ದಿಕ್ಕಿಗೊಂದು ಬೆಲೆ ಇಡಬೇಕು, ಇಲ್ಲವೇ ಬಿರುಕುಗಳನ್ನೇ ಒಂದೊಂದಾಗಿ ಗಣಕಯಂತ್ರದಲ್ಲಿ ಬಿಡಿಸಬೇಕು.

'ಇದು ಪ್ರೌಢಶಾಲೆಗೆ ಹೆಚ್ಚಾಯಿತು' ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ನುಣುಪು ಗೋಡೆಗಳ ನೇರ ಬಿರುಕಿನಲ್ಲಿ ಹರಿವು ಅದರ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ಅಗಲ 2 ಪಟ್ಟಾದರೆ ನೀರು 8 ಪಟ್ಟು, 3 ಪಟ್ಟಾದರೆ 27 ಪಟ್ಟು. (ಗಣಿತದ ಅವಧಿಯಲ್ಲಿ ಬಾಯಿಪಾಠವಾಗುವ ಘನಗಳಿಗೆ ಇಲ್ಲೊಂದು ಕೆಲಸ ಸಿಕ್ಕಿತು!) ನಿಜವಾದ ಬಿರುಕು ಒರಟಾಗಿರುತ್ತದೆ, ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಆದರೂ ಪಕ್ಕದ ಹೊಲದಲ್ಲಿ ನೀರು ಬಂದು ತಮ್ಮ ಹೊಲದಲ್ಲಿ ಬರೀ ಕಲ್ಲುಪುಡಿ ಎದ್ದದ್ದೇಕೆ ಎಂಬುದಕ್ಕೆ ಮಗುವಿಗೆ ಹಣೆಬರಹವಲ್ಲದ ಒಂದು ಉತ್ತರ ದೊರೆಯುತ್ತದೆ. ಸಾಲ ಮಾಡಿ ಮೂರನೇ ಬೋರು ಕೊರೆಸಲು ಹೊರಟ ಮನೆಯಲ್ಲಿ ಆ ಉತ್ತರಕ್ಕೆ ಬೆಲೆಯಿದೆ.

ಖರ್ಚೂ ಇಲ್ಲ. ಅಗಲವಾದ ತಟ್ಟೆಯಲ್ಲಿ ಜೇಡಿಮಣ್ಣು ತಟ್ಟಿ, ಸ್ಕೇಲಿನ ಅಂಚಿನಿಂದ ಓರೆಯಾಗಿ ಗೀರುಗಳನ್ನು ಎಳೆಯಿರಿ. ತಟ್ಟೆಯ ಒಂದು ಬದಿ ಎತ್ತಿ, ಬಣ್ಣದ ನೀರು ಎಲ್ಲಿಗೆ ಹೋಗುತ್ತದೆಂದು ಮೊದಲು ಮಕ್ಕಳನ್ನೇ ಕೇಳಿ, ಆಮೇಲೆ ಮೇಲಂಚಿನಲ್ಲಿ ನಿಧಾನವಾಗಿ ಸುರಿಯಿರಿ. ನೀರು ನೇರ ಇಳಿಜಾರಿಗೆ ಹೋಗದೆ ಗೀರು ಹಿಡಿದು ಪಕ್ಕಕ್ಕೆ ತಿರುಗುತ್ತದೆ. ನಮ್ಮದು ತೆರೆದ ಗೀರು, ಆಳದ ಬಿರುಕು ಮುಚ್ಚಿದ್ದು, ಅಲ್ಲಿ ನೀರು ಒತ್ತಡದಿಂದಲೂ ಚಲಿಸುತ್ತದೆ ಎಂಬುದನ್ನು ಮಾತ್ರ ಹೇಳಲೇಬೇಕು.

ಶೌಚಗುಂಡಿಯ ಪ್ರಶ್ನೆಯನ್ನೂ ಇದೇ ಪಾಠದಲ್ಲಿ ಎತ್ತಬಹುದು. ಗುಂಡಿ ಕೊಳವೆಬಾವಿಗೆ ಎಷ್ಟು ದೂರ ಎಂದು ಕೇಳುತ್ತೇವೆ. ಯಾವ ದಿಕ್ಕಿನಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಬಿರುಕಿನ ಸಾಲಿನಲ್ಲಿದ್ದರೆ ದೂರದ ಗುಂಡಿಯ ಕೊಳೆಯೂ ಬಾವಿಗೆ ಬಂದೀತು.

ಮುಂದಿನ ಬೋಧನಾಭ್ಯಾಸದಲ್ಲಿ ಪಾಠಯೋಜನೆ ಬರೆಯುವ ಮೊದಲು ಶಾಲೆಯ ಹತ್ತಿರದ ಬಂಡೆಯನ್ನೋ ಹಳೆಯ ಕಲ್ಲುಕ್ವಾರಿಯ ಅಂಚನ್ನೋ ದಿಕ್ಸೂಚಿ ಹಿಡಿದು ನೋಡಿ ಬರೋಣ. ಮೇಲೆ ಕಂಡ ದಿಕ್ಕೇ ಆಳದಲ್ಲೂ ಇರಬೇಕೆಂದೇನಿಲ್ಲ. ತಟ್ಟೆಯಲ್ಲಿ ಗೀರು ಎಳೆಯಲು ಅಷ್ಟು ಸಾಕು.