ಲಾಠಿ ಪೋಲೀಸರದು, ತಿಜೋರಿ ಪುರಸಭೆಯದು

ಅಮೆರಿಕದಲ್ಲಿ ಕರಿಯರ ಮೇಲೆ ಪೋಲೀಸರು ನಡೆಸುವ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ತಿಳಿದವರೆನ್ನಿಸಿಕೊಂಡವರು ಒಂದೇ ಮಾತು ಆಡುತ್ತಾರೆ: ಅದು ಬಿಳಿಯರ ವರ್ಣದ್ವೇಷ, ಹುಟ್ಟುಗುಣ ಸುಟ್ಟರೂ ಹೋಗದು. ಈ ಮಾತನ್ನು ನಾವು ಒಪ್ಪುವುದಿಲ್ಲ. ದ್ವೇಷ ಮನಸ್ಸಿನಲ್ಲಿ ಹುಟ್ಟಬಹುದು. ಆದರೆ ಅದಕ್ಕೆ ಸಂಬಳ ಕೊಟ್ಟು, ಸಮವಸ್ತ್ರ ತೊಡಿಸಿ, ಕೈಗೆ ದಂಡದ ಪುಸ್ತಕ ಕೊಟ್ಟು ಬೀದಿಗೆ ಕಳಿಸುವವರು ಯಾರೋ ಇರುತ್ತಾರೆ. ಅವರು ಯಾರೆಂದು ಕೇಳದೆ ಬರಿಯ ಮನಸ್ಸಿನ ಮಾತಾಡುವುದು ಕಳ್ಳನನ್ನು ಬಿಟ್ಟು ಕತ್ತಲೆಯನ್ನು ಬೈದಂತೆ.

ಓದುಗರು ಮೊದಲು ಒಂದು ವಿಷಯ ತಿಳಿಯಬೇಕು. ನಮ್ಮಲ್ಲಿ ಪೋಲೀಸು ರಾಜ್ಯ ಸರ್ಕಾರದ ಖಾತೆ. ಪುರಸಭೆಗೆ ಅದರ ಮೇಲೆ ಅಧಿಕಾರವಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಊರಿಗೊಂದು ಪೋಲೀಸು ಪಡೆ. ಅದಕ್ಕೆ ಸಂಬಳ ಕೊಡುವುದು ಊರಿನ ಕೌನ್ಸಿಲು. ಎಷ್ಟೋ ಊರುಗಳಲ್ಲಿ ಸಣ್ಣಪುಟ್ಟ ತಪ್ಪುಗಳ ವಿಚಾರಣೆಗೆ ಊರಿನದೇ ನ್ಯಾಯಾಲಯವೂ ಉಂಟು. ಆದ್ದರಿಂದ ಅಲ್ಲಿ ಪೋಲೀಸರ ಅನ್ಯಾಯದ ಲೆಕ್ಕ ಕೇಳಬೇಕಾದರೆ ವಾಷಿಂಗ್ಟನ್ನಿಗೆ ಹೋಗುವ ಮೊದಲು ಊರಿನ ಪುರಭವನಕ್ಕೆ ಹೋಗಬೇಕು.

ಮಿಸ್ಸೂರಿ ರಾಜ್ಯದ ಫರ್ಗುಸನ್ ಎಂಬ ಊರನ್ನು ನೋಡೋಣ. 2010ರಲ್ಲಿ ಅದರ ಜನಸಂಖ್ಯೆ ಸುಮಾರು 21 ಸಾವಿರ. 2014ರ ಆಗಸ್ಟ್ 9ರಂದು ಅಲ್ಲಿಯ ಬಿಳಿಯ ಪೋಲೀಸನೊಬ್ಬ ಮೈಕೆಲ್ ಬ್ರೌನ್ ಎಂಬ 18 ವರ್ಷದ ನಿರಾಯುಧ ಕರಿಯ ಹುಡುಗನನ್ನು ಹಗಲಿನಲ್ಲೇ ಬೀದಿಯಲ್ಲಿ ಗುಂಡಿಟ್ಟು ಕೊಂದ. ಊರು ಹೊತ್ತಿ ಉರಿಯಿತು. ಆ ಪೋಲೀಸನ ಮೇಲೆ ಮೊಕದ್ದಮೆ ಹೂಡಲು ಜಿಲ್ಲೆಯ ಪಂಚರೂ ಒಪ್ಪಲಿಲ್ಲ, ಕೇಂದ್ರ ಸರ್ಕಾರವೂ ಒಪ್ಪಲಿಲ್ಲ. ಆದರೆ ಕೇಂದ್ರದ ನ್ಯಾಯ ಇಲಾಖೆ ಊರಿನ ಲೆಕ್ಕಪತ್ರ, ಕಡತಗಳನ್ನೆಲ್ಲ ಬಿಚ್ಚಿ ನೋಡಿ 2015ರ ಮಾರ್ಚಿಯಲ್ಲಿ ಒಂದು ವರದಿ ಹೊರಡಿಸಿತು. ಒಬ್ಬ ಪೋಲೀಸನ ಬಂದೂಕಿಗಿಂತ ದೊಡ್ಡ ಅಪರಾಧ ಆ ಕಡತಗಳಲ್ಲಿ ಮಲಗಿತ್ತು.

ಏನದು? ಊರಿನ ಬಜೆಟ್ಟು! 2010ರಲ್ಲಿ ಫರ್ಗುಸನ್ನಿನ ಸಾಮಾನ್ಯ ನಿಧಿಯ ಆದಾಯ ಸುಮಾರು 1 ಕೋಟಿ 10 ಲಕ್ಷ ಡಾಲರ್. ಅದರಲ್ಲಿ ದಂಡ ಮತ್ತು ಕೋರ್ಟಿನ ಶುಲ್ಕದಿಂದ ಬಂದದ್ದು 13 ಲಕ್ಷ 80 ಸಾವಿರ. 2015ರ ಬಜೆಟ್ಟಿನಲ್ಲಿ 1 ಕೋಟಿ 32 ಲಕ್ಷದ ಆದಾಯಕ್ಕೆ ದಂಡದಿಂದಲೇ 30 ಲಕ್ಷ 90 ಸಾವಿರ ಬರಬೇಕೆಂದು ಮುಂಚಿತವಾಗಿ ಬರೆದಿಟ್ಟರು. ಎಂಟಾಣೆಗೆ ಒಂದಾಣೆ ಇದ್ದದ್ದು ನಾಲ್ಕಾಣೆಗೆ ಒಂದಾಣೆಯ ಹತ್ತಿರಕ್ಕೆ ಬಂತು. ಜನ ಮುಂದಿನ ವರ್ಷ ಎಷ್ಟು ತಪ್ಪು ಮಾಡುತ್ತಾರೆಂದು ಈ ವರ್ಷವೇ ಗೊತ್ತುಮಾಡುವ ಸರ್ಕಾರವನ್ನು ಏನೆಂದು ಕರೆಯೋಣ? ದಂಡದ ಚೀಟಿ ಹೆಚ್ಚಾಗದಿದ್ದರೆ ಬೊಕ್ಕಸಕ್ಕೆ ಕಷ್ಟವೆಂದು ಊರಿನ ಹಣಕಾಸಿನ ಅಧಿಕಾರಿ ಪೋಲೀಸು ಮುಖ್ಯಸ್ಥನಿಗೆ 2010ರಲ್ಲೇ ಬರೆದಿದ್ದ. ಎಷ್ಟು ಚೀಟಿ ಹರಿದನೆಂಬುದರ ಮೇಲೆ ಪೋಲೀಸಿನವನ ಕೆಲಸಕ್ಕೆ ಬೆಲೆ ಕಟ್ಟುತ್ತಿದ್ದರು. ಬೀದಿ ಕಾಯಬೇಕಾದವನು ಸುಂಕದ ಕಟ್ಟೆಯ ಗುಮಾಸ್ತನಾದ.

ಸುಂಕ ಯಾರ ತಲೆಯ ಮೇಲೆ ಬಿತ್ತು? ಊರಿನ ಜನರಲ್ಲಿ ಕರಿಯರು ನೂರಕ್ಕೆ 67. ಆದರೆ 2012ರಿಂದ 2014ರವರೆಗೆ ಪೋಲೀಸರು ತಡೆದು ನಿಲ್ಲಿಸಿದ ವಾಹನಗಳ ಸವಾರರಲ್ಲಿ ಅವರು ನೂರಕ್ಕೆ 85, ದಂಡದ ಚೀಟಿ ಪಡೆದವರಲ್ಲಿ 90, ದಸ್ತಗಿರಿಯಾದವರಲ್ಲಿ 93. ಕರಿಯರೇ ಹೆಚ್ಚು ತಪ್ಪು ಮಾಡಿರಬಹುದಲ್ಲ ಎಂದು ಕೇಳುವ ಮಹಾನುಭಾವರಿಗೆ ಅದೇ ವರದಿಯಲ್ಲಿ ಉತ್ತರವಿದೆ. ವಾಹನ ನಿಲ್ಲಿಸಿ ಜಡತಿ ಮಾಡುವಾಗ ಕರಿಯರನ್ನು ಬಿಳಿಯರಿಗಿಂತ ಎರಡು ಪಟ್ಟು ಹೆಚ್ಚು ಜಡತಿ ಮಾಡಿದರು. ಆದರೆ ಅಕ್ರಮ ವಸ್ತು ಸಿಕ್ಕಿದ್ದು ಕರಿಯರ ಹತ್ತಿರವೇ ಕಡಿಮೆ. ಹಾಗಾದರೆ ಪೋಲೀಸರು ಹುಡುಕುತ್ತಿದ್ದದ್ದು ಅಪರಾಧವನ್ನಲ್ಲ, ಎದುರು ಮಾತಾಡಲಾರದವನನ್ನು. ವಕೀಲನಿಗೆ ಕೊಡಲು ಕಾಸಿಲ್ಲದವನು, ಮೇಯರಿಗೆ ಫೋನು ಮಾಡಲಾರದವನು ಯಾರೋ, ಅವನೇ ಬೊಕ್ಕಸದ ಹಸು.

ಈ ಹಸುವನ್ನು ಹೇಗೆ ಕರೆಯುತ್ತಿದ್ದರು ನೋಡಿ. ಅಂಗಳದಲ್ಲಿ ಹುಲ್ಲು ಬೆಳೆದಿತ್ತೆಂದು 531 ಡಾಲರ್ ದಂಡ ಹಾಕಿದ್ದುಂಟು. ರಸ್ತೆಯಲ್ಲಿ ನಡೆದ ರೀತಿ ಸರಿಯಿಲ್ಲವೆಂದು 302 ಡಾಲರ್. ಒಬ್ಬ ಬಡ ಕರಿಯ ಹೆಂಗಸು 2007ರಲ್ಲಿ ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದಳು. ಹಾಕಿದ ದಂಡ 151 ಡಾಲರ್ ಮತ್ತು ಶುಲ್ಕ. ಕಟ್ಟಲಾರದೆ ಹೋದಳು, ಗೈರುಹಾಜರಿಗೆ ಇನ್ನಷ್ಟು ದಂಡ, ಅದರ ಮೇಲೆ ವಾರಂಟು. ಎರಡು ಸಲ ದಸ್ತಗಿರಿ, ಆರು ದಿನ ಸೆರೆಮನೆ. ಏಳು ವರ್ಷದ ಮೇಲೆ 550 ಡಾಲರ್ ಕಟ್ಟಿಯೂ ಇನ್ನೂ 541 ಡಾಲರ್ ಬಾಕಿ! ನಮ್ಮ ಹಳ್ಳಿಯ ಸಾಹುಕಾರನ ಚಕ್ರಬಡ್ಡಿಯಾದರೂ ಇದರ ಮುಂದೆ ನಾಚಬೇಕು. 2014ರ ಕೊನೆಗೆ ಆ ಪುಟ್ಟ ಊರಿನ ಕೋರ್ಟಿನಿಂದ ಹೊರಟು ಜಾರಿಯಾಗದೆ ಉಳಿದ ವಾರಂಟುಗಳು 16 ಸಾವಿರಕ್ಕೂ ಹೆಚ್ಚು ಜನರ ಹೆಸರಿನಲ್ಲಿದ್ದವು.

ಇಷ್ಟಾಗುವಾಗ ಕೌನ್ಸಿಲಿನಲ್ಲಿ ಕುಳಿತಿದ್ದವರು ಯಾರು? ಮೇಯರು ಬಿಳಿಯ, ಆರು ಮಂದಿ ಕೌನ್ಸಿಲರುಗಳಲ್ಲಿ ಐವರು ಬಿಳಿಯರು. ಮೂರರಲ್ಲಿ ಎರಡು ಪಾಲು ಕರಿಯರಿರುವ ಊರಿನಲ್ಲಿ ಇದು ಹೇಗಾಯಿತು? 2014ರ ಏಪ್ರಿಲಿನ ಊರಿನ ಚುನಾವಣೆಯಲ್ಲಿ ಮತ ಹಾಕಿದವರು ನೂರಕ್ಕೆ 12ರಷ್ಟು ಮಾತ್ರ. ಅಧ್ಯಕ್ಷನ ಚುನಾವಣೆಗೆ ಸಾಲು ನಿಲ್ಲುವ ಜನ ಊರಿನ ಚುನಾವಣೆಯೆಂದರೆ ಚರಂಡಿ, ದೀಪದ ಕಂಬದ ವಿಷಯವೆಂದು ಮನೆಯಲ್ಲಿ ಉಳಿದರು. ಆ ಚರಂಡಿಯ ಸಭೆಯೇ ಅವರ ಮಕ್ಕಳ ಬೆನ್ನಿಗೆ ಪೋಲೀಸರನ್ನು ಹಚ್ಚಿತು.

ಹುಡುಗನ ರಕ್ತ ಬಿದ್ದ ಮೇಲೆ ಜನ ಎಚ್ಚೆತ್ತರು. 2015ರ ಏಪ್ರಿಲಿನಲ್ಲಿ ನೂರಕ್ಕೆ 30ರ ಹತ್ತಿರ ಮತ ಬಿದ್ದು, ಆರರಲ್ಲಿ ಮೂರು ಸ್ಥಾನ ಕರಿಯರಿಗೆ ಬಂತು. ವರದಿ ಬಂದ ತಿಂಗಳೇ ಪೋಲೀಸು ಮುಖ್ಯಸ್ಥ, ಊರಿನ ಆಡಳಿತಾಧಿಕಾರಿ, ನ್ಯಾಯಾಧೀಶ ಮೂವರೂ ಕುರ್ಚಿ ಬಿಟ್ಟಿದ್ದರು. ಊರುಗಳು ದಂಡದ ಹಣದಿಂದ ಬದುಕುವುದಕ್ಕೆ ಅದೇ ವರ್ಷ ಮಿಸ್ಸೂರಿ ರಾಜ್ಯ ಕಾನೂನಿನಿಂದ ಮಿತಿ ಹಾಕಿತು. 2020ರಲ್ಲಿ ಎಲ್ಲಾ ಜೋನ್ಸ್ ಎಂಬ ಕರಿಯ ಮಹಿಳೆ ಮೇಯರಾದಳು. ಹುಟ್ಟುಗುಣ ಸುಟ್ಟರೂ ಹೋಗದೆನ್ನುವವರು ಇದಕ್ಕೆ ಏನು ಹೇಳುತ್ತಾರೆ? ಮನಸ್ಸು ಬದಲಾಗುವವರೆಗೆ ಕಾಯಲಿಲ್ಲ, ಮತ ಬದಲಾಯಿತು.

ಗೆದ್ದೆವೆಂದು ಕೈಚೆಲ್ಲಿ ಕೂರುವಂತಿಲ್ಲವೆಂಬುದೂ ನಿಜ. ಪೋಲೀಸು ಸುಧಾರಣೆಯ ಒಪ್ಪಂದ 2016ರ ಫೆಬ್ರವರಿಯಲ್ಲಿ ಮುಂದೆ ಬಂದಾಗ ಖರ್ಚು ಹೆಚ್ಚಾಗುತ್ತದೆಂದು ಅದೇ ಕೌನ್ಸಿಲು ಷರತ್ತು ಹಾಕಿತು. ದಂಡ ಕಿತ್ತುಕೊಳ್ಳಲು ಬಲವಿದ್ದ ಊರಿಗೆ ನ್ಯಾಯ ಕೊಡಲು ಬಡತನ! ನ್ಯಾಯ ಇಲಾಖೆ ಮರುದಿನವೇ ದಾವೆ ಹೂಡಿತು. ಮುಂದಿನ ತಿಂಗಳು ಕೌನ್ಸಿಲು ತಲೆಬಾಗಿತು. ಸೆರೆಗೆ ತಳ್ಳಿದವರ ದಾವೆಯನ್ನು ಬಗೆಹರಿಸಲು ಕೊನೆಗೆ 2024ರಲ್ಲಿ 45 ಲಕ್ಷ ಡಾಲರ್ ಕೊಡಲು ಊರು ಒಪ್ಪಬೇಕಾಯಿತು. ಕಿತ್ತದ್ದನ್ನು ಕಕ್ಕಲೇಬೇಕು.

ಹಾಗಾದರೆ ಕೇಂದ್ರ ಸರ್ಕಾರವೇ ಬಡವರ ರಕ್ಷಕನೆಂದು ನಂಬಬಹುದೆ? ಕೂಡದು. ಮಿನಿಯಾಪೊಲಿಸ್ ನಗರದಲ್ಲಿ 2020ರ ಮೇ 25ರಂದು ಪೋಲೀಸನೊಬ್ಬ ಜಾರ್ಜ್ ಫ್ಲಾಯ್ಡನ ಕತ್ತಿನ ಮೇಲೆ ಮೊಣಕಾಲೂರಿ ಕೊಂದದ್ದನ್ನು ಲೋಕವೆಲ್ಲ ಕಂಡಿತು. ನಗರದ ಬೊಕ್ಕಸ ಕುಟುಂಬಕ್ಕೆ 2 ಕೋಟಿ 70 ಲಕ್ಷ ಡಾಲರ್ ತೆತ್ತಿತು. ಅದು ತೆರಿಗೆ ಕಟ್ಟಿದವರ ಹಣ. ಈಗಿರುವ ಪಡೆಯನ್ನೇ ಕಳಚಿಹಾಕುತ್ತೇವೆಂದು ಕೌನ್ಸಿಲರುಗಳು ವೇದಿಕೆ ಹತ್ತಿ ಘೋಷಿಸಿದರು. ಅದರ ಜಾಗಕ್ಕೆ ಏನು ಬರುವುದೆಂಬುದನ್ನು ಮಾತ್ರ ಜನರಿಗೆ ಮನದಟ್ಟು ಮಾಡಲಿಲ್ಲ. 2021ರ ನವೆಂಬರಿನಲ್ಲಿ ಮತದಾರರೇ ಆ ಯೋಜನೆಯನ್ನು ತಳ್ಳಿಹಾಕಿದರು. ಕೇಂದ್ರದ ನ್ಯಾಯ ಇಲಾಖೆ 2025ರ ಜನವರಿಯಲ್ಲಿ ಸುಧಾರಣೆಯ ಒಪ್ಪಂದಕ್ಕೆ ಬಂತು. ಅಷ್ಟರಲ್ಲಿ ಸರ್ಕಾರ ಬದಲಾಯಿತು. ಮೇ ತಿಂಗಳಲ್ಲಿ ಅದೇ ಇಲಾಖೆ ಅದರಿಂದ ಕೈ ತೊಳೆದುಕೊಂಡಿತು. ಮಿನ್ನೆಸೋಟ ರಾಜ್ಯದ ಮಾನವ ಹಕ್ಕು ಇಲಾಖೆಯೊಡನೆ ನಗರ 2023ರಲ್ಲೇ ಮಾಡಿಕೊಂಡಿದ್ದ ಒಪ್ಪಂದ ಮಾತ್ರ ಉಳಿಯಿತು. ದೂರದ ದೊರೆಯ ಕೃಪೆ ಬೇಸಗೆಯ ಮಳೆ. ಊರಿನ ಬಾವಿಯನ್ನು ಊರಿನವರೇ ತೋಡಬೇಕು.

ಆದುದರಿಂದ ಪುರಸಭೆಗಳು ಮಾಡಬೇಕಾದ್ದನ್ನು ನಾವು ನೇರವಾಗಿ ಹೇಳುತ್ತೇವೆ. ದಂಡದ ಹಣ ಊರಿನ ಬೊಕ್ಕಸಕ್ಕೆ ಆಧಾರವಾಗಕೂಡದು. ಬೇಕಾದ ಹಣವನ್ನು ಉಳ್ಳವರ ತೆರಿಗೆಯಿಂದ ಬಹಿರಂಗವಾಗಿ ಎತ್ತಲಿ. ಕಟ್ಟಲಾರದ ಬಡವನನ್ನು ದಂಡಕ್ಕಾಗಿ ಸೆರೆಗೆ ಹಾಕಕೂಡದು. ಪೋಲೀಸರು ಯಾರನ್ನು ತಡೆದರು, ಏಕೆ ತಡೆದರು, ಏನು ಸಿಕ್ಕಿತು ಎಂಬ ಲೆಕ್ಕ ವರ್ಷವರ್ಷವೂ ಜನರೆದುರು ಬರಬೇಕು. ದೂರನ್ನು ವಿಚಾರಿಸುವವರು ಪೋಲೀಸರಾಗಿರದೆ ನಾಗರಿಕರಾಗಿರಬೇಕು.

ಇದು ಅಮೆರಿಕದ ಮಾತು, ನಮಗೇನು ಎನ್ನುವ ಬಂಧುಗಳಿಗೆ ಒಂದು ನೆನಪು. 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್ನಿನಲ್ಲಿ ಬಿಳಿಯರಿಗೆ ಮಾತ್ರವೆಂದಿದ್ದ ಹೋಟೆಲಿನ ಬಾಗಿಲಿನಲ್ಲಿ ನಮ್ಮ ಡಾ. ರಾಮಮನೋಹರ ಲೋಹಿಯಾ ಅವರನ್ನು ಪೋಲೀಸರು ಹಿಡಿದು ವ್ಯಾನಿಗೆ ಹತ್ತಿಸಿದ್ದರು. ಆ ಅವಮಾನ ಕರಿಯರದಷ್ಟೇ ಅಲ್ಲ, ನಮ್ಮದೂ ಎಂದು ಅವರು ಅಲ್ಲಿಗೆ ಹೋಗಿದ್ದರು. ಗಿರಣಿಯ ಪಾಳಿ ಮುಗಿಸಿ ಬರುವ ಕಾರ್ಮಿಕನೂ ಸಂತೆಯಲ್ಲಿ ತಳ್ಳುಗಾಡಿ ನಿಲ್ಲಿಸುವ ವ್ಯಾಪಾರಿಯೂ ಫರ್ಗುಸನ್ನಿನ ಆ ಹೆಂಗಸಿನ ಸಂಕಟವನ್ನು ವಿವರಿಸಿ ಹೇಳದೆಯೇ ಬಲ್ಲರು. ನಮ್ಮ ಪುರಸಭೆಗೆ ಪೋಲೀಸು ಪಡೆ ಇಲ್ಲದಿರಬಹುದು. ಲೈಸೆನ್ಸು, ಸುಂಕ, ದಂಡ ಎಲ್ಲವೂ ಉಂಟು. ಮುಂದಿನ ಬಜೆಟ್ಟು ಸಭೆಗೆ ನಾವೆಲ್ಲ ಹೋಗಿ ಕೂರೋಣ. ದಂಡದ ಬಾಬಿನಲ್ಲಿ ಎಷ್ಟು ಬರೆದಿದ್ದೀರಿ, ಯಾರಿಂದ ವಸೂಲು ಮಾಡುತ್ತೀರಿ ಎಂದು ಎದ್ದು ನಿಂತು ಕೇಳೋಣ.