ಕೆ.ಆರ್. ಪುರದ ಗೋದಾಮಿನ ಅಂಗಳ: ಕಡಿಮೆ ದರ ಯಾರಿಗೆ ಲಾಭ?



ಕೃಷ್ಣರಾಜಪುರದಲ್ಲಿರುವ ನಮ್ಮ ಸಂಘದ ಗೋದಾಮಿನ ಮುಂದಿನ ಐದು ಗುಂಟೆ ಅಂಗಳಕ್ಕೆ ಡಾಂಬರು ಹಾಕಿಸುವ ವಿಷಯ ಬರುವ ಮಹಾಸಭೆಯ ಮುಂದೆ ಬರಲಿದೆ. ಮೂವರು ಗುತ್ತಿಗೆದಾರರಿಂದ ದರಪಟ್ಟಿಗಳು ಬಂದಿವೆ. ಅತಿ ಕಡಿಮೆಯ ದರವು ಅತಿ ಹೆಚ್ಚಿನ ದರದ ಅರ್ಧಕ್ಕಿಂತ ಸ್ವಲ್ಪವೇ ಮೇಲಿದೆ. “ಕಡಿಮೆಯವರಿಗೆ ಕೊಟ್ಟು ಮುಗಿಸಿ, ಇದರಲ್ಲಿ ಯೋಚಿಸುವುದೇನಿದೆ?” ಎಂದು ಹಲವು ಸದಸ್ಯರು ಕೇಳುತ್ತಿದ್ದಾರೆ. ಯೋಚಿಸುವುದು ಬಹಳಷ್ಟಿದೆ ಎಂಬುದು ನನ್ನ ಅಭಿಪ್ರಾಯ. ಸಭೆಗೆ ಮುಂಚೆಯೇ ಅದನ್ನು ತಮ್ಮ ಮುಂದಿಡುವುದು ಯೋಗ್ಯವೆಂದು ಈ ಲೇಖನ. ಮಕ್ಕಳ ನೌಕರಿಯ ಕಾರಣದಿಂದ ಹಲಸೂರು, ಇಂದಿರಾನಗರದ ಕಡೆ ಮನೆ ಮಾಡಿ, ಗೇಟಿನಿಂದ ಪೋರ್ಟಿಕೋವರೆಗೆ ಡಾಂಬರು ಹಾಕಿಸಬೇಕೆಂದಿರುವ ಸದಸ್ಯರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲನೆಯ ಮಾತು, ಈ ಮೂರು ದರಪಟ್ಟಿಗಳು ಒಂದೇ ಕೆಲಸಕ್ಕೆ ಬಂದ ಮೂರು ದರಗಳಲ್ಲ. ಒಬ್ಬರು ಈಗಿರುವ ನೆಲದ ಮೇಲೆಯೇ 20 ಮಿ.ಮೀ. ತೆಳು ಹಾಸು ಹಾಕುತ್ತೇನೆಂದಿದ್ದಾರೆ. ಇನ್ನೊಬ್ಬರು ಜಲ್ಲಿಯ ಒಂದು ಪದರ ಹೇಳಿ ದಪ್ಪ ಎಷ್ಟೆಂದು ಬರೆದಿಲ್ಲ. ಮೂರನೆಯವರು ನೆಲ ಅಗೆಯುವುದರಿಂದ ಹಿಡಿದು ಎಲ್ಲವನ್ನೂ ಬರೆದಿದ್ದಾರೆ. ಚದರ ಅಡಿಗೆ ಇಷ್ಟೆಂದು ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನೋಡುವುದು, ಅರೇಬಿಕಾ ಪಾರ್ಚ್‌ಮೆಂಟಿನ ಚೀಲವನ್ನೂ ರೋಬಸ್ಟಾ ಚೆರಿಯ ಚೀಲವನ್ನೂ ಪಕ್ಕಪಕ್ಕ ಇಟ್ಟು “ಎರಡೂ 50 ಕಿಲೋ ತಾನೆ, ದರವೇಕೆ ಬೇರೆ?” ಎಂದು ಕೇಳಿದಂತೆ. ವ್ಯಾಪಾರಿಯ ಮುಂದೆ ಔಟ್‌ಟರ್ನ್ ಎಷ್ಟು, ತೇವ ಎಷ್ಟು ಎಂದು ಚರ್ಚಿಸುವ ನಾವು ಡಾಂಬರಿನ ವಿಷಯ ಬಂದಾಗ ಮಾತ್ರ ಮೇಲಿನ ಕಪ್ಪು ಬಣ್ಣವನ್ನು ನೋಡಿ ಒಪ್ಪಿಬಿಡುತ್ತೇವೆ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಭಾರ ಹೊರುವ ಕೆಲಸದ ಬಹುಪಾಲು ಡಾಂಬರಿನದಲ್ಲ, ಅದರ ಕೆಳಗಿನ ಜಲ್ಲಿ ಮತ್ತು ನೆಲದ್ದು. ಡಾಂಬರು ಮೇಲಿನ ನೀರನ್ನು ತಡೆದು ಚಕ್ರಕ್ಕೆ ನಯವಾದ ಮೈ ಕೊಡುತ್ತದೆ. ಕೆಳಗಿನ ಮಣ್ಣು ನೀರು ಕುಡಿದು ಮೆತ್ತಗಾಯಿತೆಂದರೆ ಮೇಲೆ ಎಷ್ಟು ಕಪ್ಪು ಬಳಿದರೂ ಅದು ಚಕ್ರದ ಕೆಳಗೆ ಬಾಗಿ, ಬಿರಿದು, ಕಿತ್ತುಬರುತ್ತದೆ. ಅಡಿಕೆ ತೋಟ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸಿಗಾಲುವೆ ಇಲ್ಲದ ತೋಟಕ್ಕೆ ಎಷ್ಟು ಗೊಬ್ಬರ ಹಾಕಿದರೂ ಬೇರು ಕೊಳೆಯುವುದು ತಪ್ಪುವುದಿಲ್ಲ. ಅಂಗಳಕ್ಕೂ ಮೊದಲು ಬೇಕಾದದ್ದು ಬಸಿಗಾಲುವೆಯೇ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಹಲಸೂರು ಕೆರೆಯಿಂದ ಹಿಡಿದು ಕೆ.ಆರ್. ಪುರದಾಚೆಯ ಎಲೆಮಲ್ಲಪ್ಪ ಶೆಟ್ಟಿ ಕೆರೆಯವರೆಗೆ ಇದೆಲ್ಲ ಕೆರೆ, ರಾಜಕಾಲುವೆಗಳ ಸೀಮೆ. ಕಟ್ಟಡದ ಅವಶೇಷ ಸುರಿದು ಎತ್ತರಿಸಿದ ನಿವೇಶನಗಳು ಇಲ್ಲಿ ಅಲ್ಲಲ್ಲಿ ಉಂಟು. ಅಂಥ ನೆಲ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಮಹದೇವಪುರ, ಹೊರವರ್ತುಲ ರಸ್ತೆಯ ಕಡೆ ಬಡಾವಣೆಗಳೇ ನೀರಿನಲ್ಲಿ ಮುಳುಗಿ ಜನರನ್ನು ದೋಣಿ, ಟ್ರಾಕ್ಟರುಗಳಲ್ಲಿ ಕರೆತಂದದ್ದನ್ನು ಎಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಆದ್ದರಿಂದ ಐದು ಗುಂಟೆಯನ್ನು ಮುಚ್ಚುವ ಮೊದಲು, ಅಲ್ಲಿ ಬೀಳುವ ಮಳೆನೀರು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಬೇಕು. ನೆರೆಯವರ ಬಾಗಿಲಿಗೆ ಕಳಿಸುವುದು ಸಹಕಾರಿ ಧರ್ಮವಲ್ಲ. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯಂತೆ ಮಳೆನೀರು ಸಂಗ್ರಹವು ನಗರದಲ್ಲಿ ಕಡ್ಡಾಯ. ನಮ್ಮ ಅಂಗಳದ ನೀರು ಇಂಗುಗುಂಡಿಗೆ ಹೋಗಲಿ. ಡೀಸೆಲ್, ಎಣ್ಣೆ ಬೀಳುವ ಜಾಗದ ನೀರನ್ನು ಮಾತ್ರ ಅದಕ್ಕೆ ಬಿಡಬಾರದು. ಅಂಗಳದ ಇಳಿಜಾರು 40 ಅಡಿಗೆ ಒಂದು ಅಡಿಯಷ್ಟಿದ್ದರೆ ನೀರು ನಿಲ್ಲುವುದಿಲ್ಲ.

ಎರಡನೆಯದಾಗಿ, ಅಗೆಯಬೇಕಾದದ್ದನ್ನೆಲ್ಲ ಮೊದಲೇ ಅಗೆದು ಮುಗಿಸಬೇಕು. ದಂಡುಪ್ರದೇಶದ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ‘ಟೆಂಡರ್ ಶೂರ್’ ಯೋಜನೆಯಲ್ಲಿ ಹೊಸದಾಗಿ ಕಟ್ಟಿದಾಗ ನೀರು, ಚರಂಡಿ, ವಿದ್ಯುತ್, ದೂರವಾಣಿ ತಂತಿಗಳಿಗೆಲ್ಲ ನೆಲದಡಿಯಲ್ಲಿ ಮೊದಲು ಜಾಗ ಮಾಡಿ, ಆಮೇಲೆ ಮೇಲಿನ ಹಾಸು ಹಾಕಿದರು. ಖರ್ಚು ಹೆಚ್ಚಾಯಿತೆಂಬ ಟೀಕೆ ಆಗ ಬಂದಿತ್ತು. ಆದರೆ ಆ ರಸ್ತೆಗಳು ಬಾಳಿಕೆ ಬಂದಿವೆ. ಅಲ್ಲಿಂದ ಸ್ವಲ್ಪವೇ ದೂರದ ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ 2020ರಲ್ಲಿ ಅಗೆದು ಅಂದವಾಗಿ ಹಾಸು ಹಾಸಿದ್ದರು. 2021ರಲ್ಲೇ ಅಲ್ಲಲ್ಲಿ ಹಾಸು ಎದ್ದು ಮತ್ತೆ ದುರಸ್ತಿಗೆ ಬಂತು. ನಮ್ಮ ಕೆ.ಆರ್. ಪುರದ ಸುತ್ತಲಂತೂ, 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದ ಕೊಳವೆಗಳಿಗಾಗಿ ಎಷ್ಟು ರಸ್ತೆಗಳನ್ನು ಸೀಳಿದರೆಂಬುದು ಅಲ್ಲಿ ಓಡಾಡುವ ಲಾರಿ ಚಾಲಕರಿಗೆ ಗೊತ್ತು. ಸೀಳಿದ ಡಾಂಬರಿಗೆ ಹಾಕಿದ ತೇಪೆ ಹಳೆಯ ಮೈಯೊಡನೆ ಪೂರ್ತಿ ಒಂದಾಗುವುದಿಲ್ಲ. ಆ ಸಂದಿಯಿಂದಲೇ ನೀರು ಇಳಿಯುತ್ತದೆ. ನಮ್ಮ ಗೋದಾಮಿಗೆ ಬೇಕಾದ ನೀರಿನ ಕೊಳವೆ, ವಿದ್ಯುತ್ ಕೇಬಲು, ಮುಂದೆಂದಾದರೂ ಬೇಕಾಗಬಹುದಾದ ತಂತಿಗಳಿಗೆ ಒಂದೆರಡು ಖಾಲಿ ಕೊಳವೆ, ಎಲ್ಲವೂ ಮೊದಲೇ ಕೆಳಗೆ ಸೇರಲಿ.

ಮೂರನೆಯದು, ದಪ್ಪ. ನಾವು ಕೇಳಿದ ಎಂಜಿನಿಯರರು ನಮ್ಮ ಲಾರಿಗಳ ಭಾರಕ್ಕೆ ಹೇಳಿದ್ದು ಹೀಗೆ: ಗಟ್ಟಿ ಮಾಡಿದ ನೆಲದ ಮೇಲೆ 200 ಮಿ.ಮೀ. ಗರಸು, ಅದರ ಮೇಲೆ ಎರಡು ಪದರಗಳಲ್ಲಿ 250 ಮಿ.ಮೀ. ನೀರು ಬೆರೆಸಿ ರೋಲರ್ ಹೊಡೆದ ಜಲ್ಲಿ, ಆಮೇಲೆ 50 ಮತ್ತು 40 ಮಿ.ಮೀ.ನ ಎರಡು ಡಾಂಬರು ಪದರಗಳು. ಕಾರು ಮಾತ್ರ ಓಡಾಡುವ ಮನೆಯಂಗಳಕ್ಕೆ ಇಷ್ಟು ಬೇಕಿಲ್ಲ. ಗಟ್ಟಿ ನೆಲವಾಗಿದ್ದರೆ 150 ಮಿ.ಮೀ. ಜಲ್ಲಿ ಹಾಗೂ 30–40 ಮಿ.ಮೀ. ಡಾಂಬರು ಸಾಕಾದೀತು. ಬರೆದ ದಪ್ಪ ನಿಜವಾಗಿ ಬಿದ್ದಿತೇ ಎಂದು ನೋಡುವ ಸುಲಭ ಉಪಾಯವೊಂದಿದೆ. ಚೆನ್ನಾಗಿ ಅದುಮಿದ ಡಾಂಬರು ಮಿಶ್ರಣ ಒಂದು ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. ಒಂದು ಗುಂಟೆ ಸುಮಾರು 101 ಚದರ ಮೀಟರ್. ಅಂದಮೇಲೆ ಗುಂಟೆಗೆ ಪ್ರತಿ 10 ಮಿ.ಮೀ. ದಪ್ಪಕ್ಕೆ ಸುಮಾರು 2.3 ಟನ್ ಮಾಲು ಬೀಳಬೇಕು. ನಮ್ಮ ಐದು ಗುಂಟೆಗೆ 90 ಮಿ.ಮೀ. ಎಂದರೆ ನೂರು ಟನ್‌ಗೂ ಮೇಲೆ. ವೇಬ್ರಿಡ್ಜಿನ ಚೀಟಿಗಳನ್ನು ಕೂಡಿದಾಗ 70 ಟನ್ ಮಾತ್ರ ಬಂದಿದ್ದರೆ ಬಿದ್ದ ದಪ್ಪ ಸುಮಾರು 60 ಮಿ.ಮೀ. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ತೂಕದ ಚೀಟಿ ನೋಡಿ ಅಭ್ಯಾಸವಿರುವ ಯಾವ ಬೆಳೆಗಾರನೂ ಲೆಕ್ಕ ಹಾಕಬಲ್ಲ.

ನಾಲ್ಕನೆಯದು, ಬಿಸಿ. ಸಾಮಾನ್ಯವಾಗಿ ಬಳಸುವ ವಿ.ಜಿ.-30 ದರ್ಜೆಯ ಬಿಟುಮೆನ್ ಮಿಶ್ರಣವು ಘಟಕದಿಂದ 150ರಿಂದ 165 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಡಬೇಕು, ಹರಡುವಾಗ 140ಕ್ಕಿಂತ ಕಡಿಮೆಯಾಗಿರಬಾರದು, ರೋಲರಿನ ಕೆಲಸ 90ಕ್ಕೆ ಇಳಿಯುವ ಮೊದಲೇ ಮುಗಿಯಬೇಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮ ಹೇಳುವುದೂ ಇದನ್ನೇ. ಟಿನ್ ಫ್ಯಾಕ್ಟರಿ ವೃತ್ತದಲ್ಲಿ, ತೂಗುಸೇತುವೆಯ ಬಳಿ ಒಂದು ಗಂಟೆ ಸಿಕ್ಕಿಬಿದ್ದ ಲಾರಿಯ ಮಾಲು ಯಾವ ಬಿಸಿಯಲ್ಲಿ ಬಂದೀತೆಂದು ಯಾರೂ ಊಹಿಸಬಹುದು. ಆದ್ದರಿಂದ ಘಟಕ ಎಲ್ಲಿದೆ, ಲಾರಿ ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ದರ ಕೇಳುವಾಗಲೇ ಕೇಳಬೇಕು. ಉಷ್ಣಮಾಪಕವೊಂದನ್ನು ಸಂಘವೇ ಕೊಳ್ಳಲಿ. ತಣ್ಣಗಾದ ಲಾರಿಯನ್ನು ಹಿಂದಕ್ಕೆ ಕಳಿಸುವ ಹಕ್ಕು ಕರಾರಿನಲ್ಲಿರಲಿ. ಬೋರ್ಡೋ ದ್ರಾವಣ ಕಲಸುವಾಗ ಸುಣ್ಣ ಎಷ್ಟು, ಮೈಲುತುತ್ತ ಎಷ್ಟು ಎಂದು ಪಕ್ಕದಲ್ಲೇ ನಿಂತು ನೋಡುವವರು ನಾವು. ಆ ಎಚ್ಚರ ಇಲ್ಲೂ ಇರಲಿ.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. “ಪಕ್ಕದ ರಸ್ತೆ ಕೆಲಸದಲ್ಲಿ ಒಂದು ಲೋಡು ಉಳಿದಿದೆ, ಅರ್ಧ ದರಕ್ಕೆ ಹಾಕಿಕೊಡುತ್ತೇವೆ” ಎಂದು ಸಂಜೆಯ ಹೊತ್ತಿಗೆ ಗೇಟಿನ ಬಳಿ ಬರುವವರುಂಟು. ಆ ಮಾಲು ತಣ್ಣಗಾಗಿರುತ್ತದೆ. ಸಾರ್ವಜನಿಕ ರಸ್ತೆಯದ್ದಾದರೆ ಅದು ಊರಿನ ಸೊತ್ತು ಕೂಡ. ಅದನ್ನು ಕೊಂಡು ನಮ್ಮ ಅಂಗಳ ಚೆಂದ ಮಾಡಿಕೊಂಡು, ನಗರದ ರಸ್ತೆಗಳು ಕೆಟ್ಟಿವೆಯೆಂದು ದೂರುವ ಅಧಿಕಾರ ನಮಗಿರುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಡಾಂಬರು ಎಲ್ಲಿ ಬೇಡವೆಂಬುದನ್ನೂ ಹೇಳಬೇಕು. ಲಾರಿ ಗಂಟೆಗಟ್ಟಲೆ ನಿಂತು ಮಾಲು ಇಳಿಸುವ ಕಡೆ ಡೀಸೆಲ್ ತೊಟ್ಟಿಕ್ಕುತ್ತದೆ. ಡೀಸೆಲ್ ಬಿದ್ದರೆ ಬಿಟುಮೆನ್ ಕರಗುತ್ತದೆ. ಆ ಜಾಗಕ್ಕೆ ಕಾಂಕ್ರೀಟೇ ಸರಿ. ಡಾಂಬರು ಚಕ್ರ ಓಡುವ ದಾರಿಗಿರಲಿ. ಇನ್ನು ಕೆಲವರು, ಊರಿನಲ್ಲಿ ಕಣಕ್ಕೂ ಇದನ್ನೇ ಹಾಕಿಸಬಹುದೇ ಎಂದು ಕೇಳಿದ್ದಾರೆ. ಖಂಡಿತ ಬೇಡ. ಕಾಫಿ ಸುತ್ತಲಿನ ವಾಸನೆಯನ್ನು ಹೀರುವ ಪದಾರ್ಥ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಒಣಗಿಸಿದ ಕಾಫಿಯನ್ನು ಕಪ್ಪಿಗೆ ಹಾಕಿ ನೋಡಿದವರು ಮತ್ತೆ ಕೊಳ್ಳುವುದಿಲ್ಲ. ಕಾಫಿ ಕಣಕ್ಕೆ, ಅಡಿಕೆ ಅಂಗಳಕ್ಕೆ ಸಿಮೆಂಟು ಅಥವಾ ಹೆಂಚಿನ ಹಾಸೇ ಯೋಗ್ಯ.

ಗುತ್ತಿಗೆದಾರರ ಕಷ್ಟವನ್ನೂ ನಾವು ನೋಡಬೇಕು. ತೈಲ ಕಂಪನಿಗಳು ಹದಿನೈದು ದಿನಕ್ಕೊಮ್ಮೆ ಬಿಟುಮೆನ್ ದರ ಬದಲಿಸುತ್ತವೆ. ಇಂದು ದರ ಕೇಳಿ ಮೂರು ತಿಂಗಳ ಮೇಲೆ ಕೆಲಸ ಕೊಟ್ಟು, ಇನ್ನೂ ಆರು ತಿಂಗಳ ಮೇಲೆ ಬಿಲ್ಲು ಕೊಡುವ ಗಿರಾಕಿಗೆ ಯಾರೂ ಸರಿಯಾದ ದರ ಹೇಳಲಾರರು. ಆ ನಷ್ಟವನ್ನು ಅವರು ತುಂಬಿಕೊಳ್ಳುವುದು ಜಲ್ಲಿಯ ದಪ್ಪದಲ್ಲೇ. ನಮ್ಮ ಕಾಫಿಯ ಹಣ ತಡವಾದಾಗ ನಮಗಾಗುವ ಸಂಕಟ ಅವರಿಗೂ ಇದೆ. ಒಳ್ಳೆಯ ಕೆಲಸ ಬೇಕೆನ್ನುವ ಸಂಘ ಹೊತ್ತಿಗೆ ಸರಿಯಾಗಿ ಹಣವನ್ನೂ ಕೊಡಬೇಕು.

ಆದಕಾರಣ ನನ್ನ ಸಲಹೆ ಇಷ್ಟು. ಬಂದಿರುವ ಮೂರು ದರಪಟ್ಟಿಗಳನ್ನೂ ಬದಿಗಿಟ್ಟು, ನೆಲ, ಇಳಿಜಾರು, ಪದರ, ದಪ್ಪ, ಬಿಸಿ ಎಲ್ಲವನ್ನೂ ನಾವೇ ಒಂದು ಹಾಳೆಯಲ್ಲಿ ಬರೆದು, ಅದೇ ಮೂವರಿಗೂ ಕೊಟ್ಟು ಹೊಸದಾಗಿ ದರ ಕೇಳೋಣ. ಆಗ ಬರುವ ಕಡಿಮೆ ದರ ನಿಜವಾದ ಕಡಿಮೆ ದರ. ಅವರು ಎರಡು ಮೂರು ಮಳೆಗಾಲದ ಹಿಂದೆ ಮಾಡಿದ ಅಂಗಳಗಳನ್ನು, ಸಾಧ್ಯವಾದರೆ ಮಳೆ ಬಂದ ಮರುದಿನವೇ, ನಿರ್ದೇಶಕರಿಬ್ಬರು ಹೋಗಿ ನೋಡಿಬರಲಿ. ಹಣವನ್ನು ಮೂರು ಹಂತದಲ್ಲಿ ಕೊಡೋಣ. ಜಲ್ಲಿಯ ಪದರ ಮುಗಿದ ಮೇಲೆ ತುಂಬಿದ ಲಾರಿಯೊಂದನ್ನು ಅದರ ಮೇಲೆ ನಿಧಾನವಾಗಿ ಓಡಿಸಿ, ನೆಲ ಅದುರುವ ಕಡೆ ಅಗೆದು ಸರಿಪಡಿಸಿದ ಮೇಲೆಯೇ ಮೊದಲ ಕಂತು. ಡಾಂಬರು ಮುಗಿದು, ಟ್ಯಾಂಕರ್ ನೀರು ಸುರಿದು, ಎಲ್ಲಿಯೂ ನೀರು ನಿಲ್ಲುವುದಿಲ್ಲವೆಂದು ಕಂಡ ವಾರದೊಳಗೆ ಎರಡನೆಯದು. ನೂರಕ್ಕೆ ಹತ್ತರಷ್ಟನ್ನು ಎರಡು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟು, ಅಷ್ಟರಲ್ಲಿ ಕಿತ್ತುಬಂದದ್ದನ್ನು ಅವರ ಖರ್ಚಿನಲ್ಲೇ ಸರಿಪಡಿಸುವ ಷರತ್ತು ಹಾಕೋಣ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಹುಡುಕುವಂತಾಗಬಾರದು.

ಕಾಲವನ್ನೂ ಸರಿಯಾಗಿ ಆರಿಸಬೇಕು. ಬೆಂಗಳೂರಿಗೆ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಕೊಯ್ಲು, ಗೋದಾಮಿಗೆ ಬಿಡುವಿಲ್ಲ. ವೈಟ್‌ಫೀಲ್ಡಿನ ಕಂಟೇನರ್ ಡಿಪೋಗೆ ಹೋಗುವ ಲೋಡುಗಳು ಕಡಿಮೆಯಾಗುವ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವೆ ಕೆಲಸ ಮುಗಿಸಬೇಕಾದರೆ, ಕರಾರು ಜನವರಿಯಲ್ಲೇ ಆಗಬೇಕು. ಅದಕ್ಕಾಗಿಯೇ ಈ ಅವಸರದ ಬರಹ.

ಮೊದಲ ಖರ್ಚು ಸ್ವಲ್ಪ ಹೆಚ್ಚಾಗುವುದು ನಿಜ. ಆದರೆ ಇದು ಸದಸ್ಯರ ಷೇರು ಹಣ. ಎರಡು ವರ್ಷಕ್ಕೊಮ್ಮೆ ಕಪ್ಪು ಬಳಿಸಲು ಅದನ್ನು ಖರ್ಚು ಮಾಡುವ ಅಧಿಕಾರ ಆಡಳಿತ ಮಂಡಳಿಗೂ ಇಲ್ಲ, ಕಾರ್ಯದರ್ಶಿಗೂ ಇಲ್ಲ. ನನ್ನ ಅಭಿಪ್ರಾಯ ಒಪ್ಪದವರು ಮಹಾಸಭೆಯಲ್ಲಿ ತಮ್ಮ ವಾದವನ್ನು ಧಾರಾಳವಾಗಿ ಮಂಡಿಸಲಿ. ಮೂರು ದರಪಟ್ಟಿಗಳ ಪ್ರತಿಗಳು ಸಂಘದ ಕಚೇರಿಯಲ್ಲಿವೆ, ಯಾವ ಸದಸ್ಯರೂ ಬಂದು ನೋಡಬಹುದು. ನೋಡುವಾಗ ಕೊನೆಯ ಸಾಲಿನ ಮೊತ್ತಕ್ಕಿಂತ ಮೊದಲು ದಪ್ಪದ ಸಾಲನ್ನು ಹುಡುಕಬೇಕೆಂದು ವಿನಂತಿ.

– ಕಾರ್ಯದರ್ಶಿ