ಹಲ್ಲಿನ ಕಲೆ ಮಗುವಿನ ತಪ್ಪಲ್ಲ

ಶಿವಾಜಿನಗರದ ಒಂದು ಮದುವೆಮನೆ. ಫೋಟೋ ತೆಗೆಯುವವನು ‘ಸ್ವಲ್ಪ ನಗಮ್ಮಾ’ ಎಂದೊಡನೆ ಹತ್ತು ವರ್ಷದ ಹುಡುಗಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿದ್ದವು. ‘ಸರಿಯಾಗಿ ಹಲ್ಲುಜ್ಜೋದಿಲ್ಲ, ಅದಕ್ಕೇ’ ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ನಾವೂ ಅಲ್ಲಿದ್ದೆವು, ಸುಮ್ಮನಿದ್ದೆವು. ಆ ಮೌನ ಈಗಲೂ ಚುಚ್ಚುತ್ತಿದೆ.

ಹುಡುಗಿ ಹುಟ್ಟಿ ಬೆಳೆದದ್ದು ಬಾಗೇಪಲ್ಲಿ ಕಡೆ. ತಂದೆಯ ದುಡಿಮೆಗಾಗಿ ಕುಟುಂಬ ಕೆ.ಆರ್. ಪುರಕ್ಕೆ ಬಂದಿದೆ. ಕೋಲಾರ, ಚಿಕ್ಕಬಳ್ಳಾಪುರಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ ಹೆಚ್ಚೆಂದರೆ 1.5 ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ವಸಡಿನೊಳಗೆ ಹಲ್ಲಿನ ಎನಾಮಲ್ ರೂಪುಗೊಳ್ಳುವ ಎಳೆಯ ವರ್ಷಗಳಲ್ಲಿ ಅದು ಮಿತಿಮೀರಿದರೆ ಕಲೆ ಒಳಗೇ ಮೂಡುತ್ತದೆ. ಹುಟ್ಟುವ ಮೊದಲೇ ಕೆಟ್ಟ ಹಲ್ಲಿಗೆ ಉಜ್ಜದ ಅಪವಾದವೇಕೆ?

‘ಇದು ಬರೀ ಅಂದದ ವಿಷಯ’ ಎನ್ನುವವರಿದ್ದಾರೆ. ಇಂದಿರಾನಗರದ ಮಗು ಹಲ್ಲು ಸರಿಪಡಿಸಿಕೊಂಡರೆ ಚಿಕಿತ್ಸೆ, ಕೆ.ಆರ್. ಪುರದ ಬಡವನ ಮಗಳು ಕೇಳಿದರೆ ಶೋಕಿಯೇ? ನಾಳೆ ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಆ ಹಲ್ಲನ್ನೇ.

ಪರಿಹಾರವಿಲ್ಲದ ಕಾಯಿಲೆಯೂ ಇದಲ್ಲ. ಕಲೆ ತೆಳುವಾಗಿದ್ದರೆ ವೈದ್ಯರು ಮೇಲ್ಪದರವನ್ನು ಕೂದಲೆಳೆಯಷ್ಟು ಸವರಿ ತೆಗೆಯುತ್ತಾರೆ; ಆಳವಾಗಿದ್ದರೆ ಹಲ್ಲಿನ ಬಣ್ಣದ ರೆಸಿನ್ ಹಚ್ಚುತ್ತಾರೆ. ಎಲ್ಲ ಕಲೆಯೂ ಫ್ಲೋರೈಡಿನದಲ್ಲ, ಹುಳುಕೂ ಇರಬಹುದು. ಆದ್ದರಿಂದ ಪರೀಕ್ಷೆ ಮೊದಲು. ಸರ್ಕಾರಿ ದಂತ ವೈದ್ಯಕೀಯ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಇದೆ. ಇಟ್ಟಿಗೆ ಪುಡಿ, ನಿಂಬೆರಸಗಳಿಂದ ಉಜ್ಜಿಸುವ ತಾಯಂದಿರೇ, ದಯವಿಟ್ಟು ನಿಲ್ಲಿಸಿ. ಕಲೆ ಉಳಿಯುತ್ತದೆ, ಹಲ್ಲು ಸವೆಯುತ್ತದೆ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಆದರೆ ಹಲ್ಲಿಗೆ ಬಣ್ಣ ಹಚ್ಚಿ ನೀರನ್ನು ಹಾಗೇ ಬಿಟ್ಟರೆ ಅವಳ ತಮ್ಮನ ಗತಿ? ಬೆಂಗಳೂರಿಗೆ ಕಾವೇರಿ ಬಂದದ್ದು 1974ರಲ್ಲಿ. 2007ರಲ್ಲಿ ನಗರಕ್ಕೆ ಸೇರಿದ, ಮಹದೇವಪುರದ ಕಡೆಯವೂ ಇರುವ 110 ಹಳ್ಳಿಗಳಿಗಾಗಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಫ್ಲೋರೋಸಿಸ್ ತಡೆಗೆ ಕೇಂದ್ರದ ಕಾರ್ಯಕ್ರಮ ಶುರುವಾದದ್ದು 2008-09ರಲ್ಲಿ. ಈ ಹುಡುಗಿ ಹುಟ್ಟಿದ್ದು ಅದರ ಎಷ್ಟೋ ವರ್ಷಗಳ ನಂತರ!

ಟ್ಯಾಂಕರಿನದಾಗಲಿ, ಕೊಳವೆಬಾವಿಯದಾಗಲಿ, ನಿಮ್ಮ ಮಕ್ಕಳು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಕೇಳಿ. ಮೊಹಲ್ಲಾದ ಹಿರಿಯರೂ ಶಾಲೆಯ ಮೇಷ್ಟ್ರುಗಳೂ ಜೊತೆಗೂಡಿ ಕೇಳಲಿ. ಬಾಯಿ ಮುಚ್ಚಿಕೊಳ್ಳಬೇಕಾದವಳು ಆ ಹುಡುಗಿಯಲ್ಲ. ಬಾಯಿ ತೆರೆಯಬೇಕಾದವರು ನಾವು.